ಸಂಡೂರಿನ ಸೂಜಿ ಕೆಲಸ, ಕಿನ್ನಾಳದ ಗೊಂಬೆ: ನಮ್ಮ ಕಡೆಯವರೇ ಯಾಕೆ ಕೊಳ್ಳುತ್ತಿಲ್ಲ?

ಸಂಡೂರು ಟೀಚರ್

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಯಾವ ಮದುವೆಗೆ ಹೋದರೂ ಕೈಗೆ ಬರುವ ಉಡುಗೊರೆ ಒಂದೇ ತರಹ. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ಗೋಡೆ ಗಡಿಯಾರ. ನಿವೃತ್ತಿ ಸಮಾರಂಭ ಆದರೆ ಶಾಲು, ಹಾರ, ಫೈಬರ್ ಮೂರ್ತಿ. ಇವೆಲ್ಲ ಎಲ್ಲಿಂದಲೋ ಬಂದ ಮಾಲು. ನಮ್ಮ ಗುಡ್ಡಗಳ ನಡುವೆ ಏನು ತಯಾರಾಗುತ್ತದೆ ಅನ್ನುವುದು ನಮಗೇ ನೆನಪಾಗುವುದಿಲ್ಲ.

ನಾನು ಸಂಡೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ತಾಂಡಾಗಳಿಂದ, ಅಂದರೆ ಲಂಬಾಣಿ ಜನರ ಹಟ್ಟಿಗಳಿಂದ ಬರುತ್ತಾರೆ. ಅವರ ತಾಯಂದಿರಿಗೆ ಲಂಬಾಣಿ ಕಸೂತಿ ಬರುತ್ತದೆ. ಯಾರೂ ಕ್ಲಾಸಿಗೆ ಹೋಗಿ ಕಲಿತವರಲ್ಲ. ಅಜ್ಜಿಯ ಪಕ್ಕ ಕೂತು, ಉಳಿದ ತುಂಡು ಬಟ್ಟೆಯ ಮೇಲೆ ಹಾಕಿ, ಬಿಚ್ಚಿ, ಮತ್ತೆ ಹಾಕಿ ಕಲಿತವರು. ಕಿಲನ್, ವೇಲೆ, ಮಕಿ, ರೇಲೋ, ನಕ್ರಾ ಅಂತ ಒಟ್ಟು 14 ಬಗೆಯ ಹೊಲಿಗೆಗಳನ್ನು ಇದರಲ್ಲಿ ಗುರುತಿಸಿದ್ದಾರೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಳ್ಳದೆ, ಕಣ್ಣಳತೆಯಲ್ಲೇ ಹೆಣೆಯುತ್ತಾರೆ. ಕನ್ನಡಿ, ಕವಡೆ, ಮಣಿ ಎಲ್ಲವನ್ನೂ ದಾರದಲ್ಲೇ ಹಿಡಿದು ಕೂರಿಸುತ್ತಾರೆ.

ಹೊರಗಿನವರು ಇದಕ್ಕೆ ಮರ್ಯಾದೆ ಕೊಟ್ಟಿದ್ದಾರೆ. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರದ ಕೆಲಸಕ್ಕೆ ಯುನೆಸ್ಕೋ ಮನ್ನಣೆ ಸಿಕ್ಕಿದೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಯಲ್ಲಿ ತಯಾರಾದ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯೂ ಆಯಿತು.

ಇಷ್ಟೆಲ್ಲ ಆದ ಮೇಲೂ ಸಂಡೂರು, ಬಳ್ಳಾರಿ, ಹೊಸಪೇಟೆಯ ಎಷ್ಟು ಮನೆಗಳಲ್ಲಿ ಈ ಕೈಯ ಒಂದು ದಿಂಬಿನ ಕವರ್ ಇದೆ? ಡೆಲ್ಲಿಯವರು, ವಿದೇಶದವರು ಕೊಳ್ಳುತ್ತಾರೆ, ಸಂತೋಷ. ಆದರೆ ದೂರದ ಗಿರಾಕಿ ಮೇಳ ಇದ್ದಾಗ ಬರುತ್ತಾನೆ, ಮೇಳ ಮುಗಿದ ಮೇಲೆ ಇರುವುದಿಲ್ಲ. ವರ್ಷವಿಡೀ ಕೆಲಸ ಕೊಡಬೇಕಾದವರು ಹತ್ತಿರದವರು. ನನ್ನ ಮಾತು ಇಷ್ಟೇ: ಪ್ರಶಸ್ತಿಗಿಂತ ಪಕ್ಕದ ಊರಿನ ಆರ್ಡರ್ ದೊಡ್ಡದು.

ನೀವು ಏನು ಕೊಂಡಿದ್ದೀರಿ, ಕೊಳ್ಳದೇ ಇದ್ದರೆ ಯಾಕೆ ಅಂತ ಬಿಚ್ಚಿ ಹೇಳಿ. ಮರದ ಗೊಂಬೆ ಮಾಡುವ ಕಿನ್ನಾಳದವರು, ಆನೆಗೊಂದಿ, ರಾಯಚೂರು ಕಡೆಯವರೂ ಬರೆಯಿರಿ.

ತೋರಣಗಲ್ಲು ಇಂಜಿನಿಯರ್

ಮೇಡಂ, ಬಿಚ್ಚಿ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ರೇಟ್ ಒಂದೇ ಅಡ್ಡಿ. ಕಸೂತಿ ತುಂಬಿದ ಬ್ಯಾಗಿಗೆ ಒಂದು ಕಡೆ 1200 ಕೇಳಿದರು. ಹಂಪಿಯ ರಸ್ತೆಯಲ್ಲಿ ನೋಡಲು ಹಾಗೇ ಕಾಣುವ ಬ್ಯಾಗ್ 300ಕ್ಕೆ ಸಿಗುತ್ತದೆ. ಆಫೀಸಿನ ನಲವತ್ತು ಜನಕ್ಕೆ ಕೊಡಬೇಕು ಅಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ನಾಲ್ಕು ಪಟ್ಟು ವ್ಯತ್ಯಾಸ ಯಾಕೆ?

ಬಳ್ಳಾರಿ ಜೀನ್ಸ್ ಟೈಲರ್

ಇಂಜಿನಿಯರ್ ಸರ್, ಇದಕ್ಕೆ ನಾನು ಉತ್ತರ ಕೊಡಬಹುದು. ನಾನು ತಾಂಡಾದವನೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಮಷಿನ್ ಮೇಲೆ ಇದ್ದೇನೆ. ಮಷಿನ್ ಏನು ಮಾಡುತ್ತದೆ, ನಮ್ಮ ಯಾಡಿ (ತಾಯಿ) ಏನು ಮಾಡುತ್ತಾಳೆ, ಎರಡೂ ನನಗೆ ಗೊತ್ತು.

ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್‌ಗೆ ಡಿಸೈನ್ ಒಮ್ಮೆ ಹಾಕಿದರೆ ಸಾಕು, ಹತ್ತಾರು ತಲೆಗಳು ಒಟ್ಟಿಗೆ ಓಡುತ್ತವೆ. ಬ್ಯಾಗಿನ ಮುಂಭಾಗ ಕೆಲವೇ ನಿಮಿಷದಲ್ಲಿ ಕೆಳಗೆ ಬೀಳುತ್ತದೆ. ಅದೇ ಜಾಗವನ್ನು ಕೈಯಲ್ಲಿ ಒತ್ತೊತ್ತಾಗಿ ತುಂಬಲು ಮೂರು ದಿನ ಅಂತ ಇಟ್ಟುಕೊಳ್ಳಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಮಣ್ಣು ಹೊರುವ ಕೂಲಿ ಹಾಕಿದರೂ ಮೂರು ದಿನಕ್ಕೆ 1110 ಆಯಿತು. ನಿಮಗೆ ಹೇಳಿದ 1200ರಲ್ಲಿ ಉಳಿದದ್ದು 90. ಆ 90ರಲ್ಲಿ ಬಟ್ಟೆ, ದಾರ, ಕನ್ನಡಿ, ಒಳಗಿನ ಲೈನಿಂಗ್, ಜಿಪ್, ಅಂಗಡಿ ಬಾಡಿಗೆ, ಸಾಗಣೆ ಎಲ್ಲ ಬರಬೇಕು. ಬರುತ್ತದಾ? ಬರುವುದಿಲ್ಲ. ಅಂದರೆ ಎಲ್ಲೋ ಒಂದು ಕಡೆ ಆಕೆಯ ಕೂಲಿಯನ್ನೇ ಕತ್ತರಿಸಿದ್ದಾರೆ. 1200 ಜಾಸ್ತಿ ಅಲ್ಲ ಸರ್, ಕಡಿಮೆ.

ಇನ್ನೊಂದು ವಿಷಯ. ಈ ಮೂರು ದಿನ ಸಾಲಾಗಿ ಸಿಗುವ ದಿನಗಳಲ್ಲ. ಬೆಳಿಗ್ಗೆ ನೀರು, ರೊಟ್ಟಿ, ಹೊಲ. ಮಧ್ಯಾಹ್ನ ಸ್ವಲ್ಪ ಹೊತ್ತು. ಸಂಜೆ ಬೆಳಕು ಇರುವ ತನಕ ಸ್ವಲ್ಪ. ಹಾಗೆ ಕೂಡಿಸಿ ಕೂಡಿಸಿ ಮೂರು ದಿನದ ಕೆಲಸ ಆಗುತ್ತದೆ. ಗಿರಾಕಿ "ಈ ವಾರವೇ ಬೇಕು" ಅಂದರೆ ಅದು ಆಗುವ ಮಾತಲ್ಲ.

ಗಂಗಾವತಿ ಓದುಗ

ಲೆಕ್ಕ ಸರಿಯಾಗಿ ಬಿಡಿಸಿದಿರಿ ತಮ್ಮಾ. ಇದುವರೆಗೆ ಯಾರೂ ಹೀಗೆ ಹೇಳಿರಲಿಲ್ಲ.

ಹೊಸಪೇಟೆ ಅಂಗಡಿ

ನಾನು ಹಂಪಿಗೆ ಬರುವವರಿಗೆ ಬಟ್ಟೆ, ಬ್ಯಾಗ್ ಮಾರುತ್ತೇನೆ. ನಮ್ಮಂಥವರ ಮಾತನ್ನೂ ಕೇಳಿ. ನನ್ನ ಅಂಗಡಿಯಲ್ಲಿ ಎರಡೂ ಇದೆ. ಗುಜರಾತ್, ರಾಜಸ್ಥಾನ ಕಡೆಯಿಂದ ಬರುವ ಮಷಿನ್ ಮಾಲು ಒಂದು ರ‍್ಯಾಕ್, ತಾಂಡಾದ ಕೈ ಕೆಲಸ ಇನ್ನೊಂದು ರ‍್ಯಾಕ್. ಬೇರೆ ಬೇರೆ ಇಟ್ಟು, ಯಾವುದು ಯಾವುದು ಅಂತ ಹೇಳಿಯೇ ಮಾರುತ್ತೇನೆ. ಹತ್ತು ಜನರಲ್ಲಿ ಎಂಟು ಜನ ಮೊದಲ ರ‍್ಯಾಕ್‌ಗೇ ಹೋಗುತ್ತಾರೆ.

ವ್ಯತ್ಯಾಸ ಕಂಡುಹಿಡಿಯುವುದು ಕಷ್ಟವಲ್ಲ. ಬಟ್ಟೆಯನ್ನು ತಿರುಗಿಸಿ ನೋಡಿ. ಮಷಿನ್ ಕೆಲಸ ಆದರೆ ಹಿಂದೆ ಬಾಬಿನ್‌ನ ಬಿಳಿ ದಾರ ಒಂದೇ ಸಮ ಇರುತ್ತದೆ, ಎಷ್ಟೋ ಸಲ ಕಾಗದದಂಥ ಅಸ್ತರು ಅಂಟಿರುತ್ತದೆ. ಕೈ ಕೆಲಸ ಆದರೆ ಮುಂದಿನ ಬಣ್ಣದ ದಾರವೇ ಹಿಂದೆಯೂ ಕಾಣುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾದುಹೋದ ಎಳೆ, ಸಣ್ಣ ಗಂಟು ಇರುತ್ತದೆ. ಕನ್ನಡಿಯ ಅಂಚಿಗೆ ಉಗುರು ತಾಗಿಸಿ ನೋಡಿ. ಗಮ್ ಹಾಕಿ ಅಂಟಿಸಿದ್ದರೆ ಎದ್ದು ಬರುತ್ತದೆ. ಸುತ್ತಲೂ ದಾರದಿಂದ ಕಟ್ಟಿದ್ದರೆ ಅಲುಗುವುದಿಲ್ಲ. ಹಗುರವಾದ ಪ್ಲಾಸ್ಟಿಕ್ ಮಿಂಚು ಇದ್ದರೆ ಅದು ಕನ್ನಡಿಯೇ ಅಲ್ಲ.

ಇಷ್ಟು ನೋಡಲು ಅರ್ಧ ನಿಮಿಷ ಸಾಕು. ನೋಡುವವರು ಕಡಿಮೆ.

ತೋರಣಗಲ್ಲು ಇಂಜಿನಿಯರ್

ಟೈಲರ್ ಅಣ್ಣಾ, ನಿಮ್ಮ ಲೆಕ್ಕ ಕಣ್ಣು ತೆರೆಸಿತು. ಅಂಗಡಿಯವರೇ, ಹಂಪಿಯಲ್ಲಿ ಕೆಲವರು ಮಷಿನ್ ಬ್ಯಾಗನ್ನೇ "ಸಂಡೂರು ಲಂಬಾಣಿ" ಅಂತ ಕೂಗಿ ಮಾರುವುದನ್ನು ಕೇಳಿದ್ದೇನೆ. ಜಿಐ ಇದ್ದ ಮೇಲೆ ಅದು ತಪ್ಪಲ್ವಾ? ಯಾರೂ ತಡೆಯುವುದಿಲ್ಲವಾ?

ರಾಯಚೂರು ವಕೀಲ

ತಪ್ಪು ಹೌದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಿಐ ಬಗ್ಗೆ ಜನರಿಗೆ ಅರ್ಧ ತಿಳಿವಳಿಕೆ ಮಾತ್ರ ಇದೆ.

ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ರಿಜಿಸ್ಟ್ರಿ ಇರುವುದು ಚೆನ್ನೈನಲ್ಲಿ. ಜಿಐ ಅನ್ನುವುದು ಒಬ್ಬ ವ್ಯಕ್ತಿಯ ಹಕ್ಕಲ್ಲ, ಒಂದು ಪ್ರದೇಶದಲ್ಲಿ ಆ ವಸ್ತು ತಯಾರಿಸುವವರೆಲ್ಲರ ಹಕ್ಕು. ಆದರೆ ಹೆಸರು ನೋಂದಾಯಿಸಿದ ಮಾತ್ರಕ್ಕೆ ತಾಂಡಾದ ಪ್ರತಿ ಹೆಣ್ಣುಮಗಳಿಗೂ ಅದು ತಾನಾಗಿಯೇ ಸಿಗುವುದಿಲ್ಲ. ಆಕೆ ಅಧಿಕೃತ ಬಳಕೆದಾರಳಾಗಿ ಪ್ರತ್ಯೇಕ ಅರ್ಜಿ ಹಾಕಿ ಹೆಸರು ಸೇರಿಸಬೇಕು. ಆಗ ತನ್ನ ಮಾಲಿನ ಮೇಲೆ ಜಿಐ ಗುರುತು ಹಾಕಿಕೊಳ್ಳಬಹುದು. ಈ ಎರಡನೆಯ ಹೆಜ್ಜೆಯಲ್ಲೇ ಕೈ ಕೆಲಸದವರು ಹಿಂದೆ ಬೀಳುತ್ತಾರೆ. ಅರ್ಜಿ, ಅಫಿಡವಿಟ್ ಎಲ್ಲ ಆಕೆಗೆ ಗೊತ್ತಿಲ್ಲದ ಲೋಕ. ನೋಂದಣಿಯ ಅವಧಿ 10 ವರ್ಷ, ಆಮೇಲೆ ನವೀಕರಣ ಮಾಡಿಸಬೇಕು. ಇದನ್ನೂ ಮರೆಯುವ ಹಾಗಿಲ್ಲ.

ಸುಳ್ಳಾಗಿ ಜಿಐ ಹೆಸರು ಹಾಕಿ ಮಾರಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ತನಕ ದಂಡ ಅಂತ ಕಾಯ್ದೆಯಲ್ಲಿದೆ. ಮಾಲು ಜಪ್ತಿ ಮಾಡುವ ಅಧಿಕಾರ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿಗೆ ಇದೆ, ಅದಕ್ಕೂ ಮುಂಚೆ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಅಂದರೆ ಯಾರಾದರೂ ಎದ್ದು ದೂರು ಕೊಡಬೇಕು. ಕೂಲಿಗೆ ಹೋಗುವ ಹೆಣ್ಣುಮಗಳು ಆ ಕೆಲಸ ಬಿಟ್ಟು ಡಿವೈಎಸ್‌ಪಿ ಕಚೇರಿಗೆ ಅಲೆಯಬೇಕು ಅಂತ ನಾನಂತೂ ಹೇಳಲಾರೆ. ಅದು ನೋಂದಣಿ ಮಾಡಿಸಿದ ಸಂಸ್ಥೆಗಳ ಕೆಲಸ. ನಮ್ಮಂಥ ವಕೀಲರದ್ದೂ ಹೌದು. ಅಧಿಕೃತ ಬಳಕೆದಾರರ ಅರ್ಜಿ ತುಂಬಿಸಲು ಯಾವ ತಾಂಡಾದವರಾದರೂ ಕರೆದರೆ ದುಡ್ಡು ತೆಗೆದುಕೊಳ್ಳದೆ ಬರುತ್ತೇನೆ.

ಸಂಡೂರು ಟೀಚರ್

ವಕೀಲ ಸರ್, ಈ ಮಾತನ್ನು ನಾನು ಹಿಡಿದುಕೊಂಡೆ. ನಿಜವಾಗಿಯೂ ಕರೆಯುತ್ತೇನೆ.

ಕಿನ್ನಾಳ ಹುಡುಗ

ಅಕ್ಕೋರೆ, ಕಿನ್ನಾಳದವರೂ ಬರೆಯಿರಿ ಅಂದಿರಿ, ಅದಕ್ಕೇ ಬಂದೆ. ನಮ್ಮದು ಚಿತ್ರಗಾರರ ಮನೆತನ. ನಮ್ಮ ಗೊಂಬೆಗೂ ಜಿಐ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳಲ್ಲಿ ನಮ್ಮ ಹಿರಿಯರ ಕೈ ಇತ್ತು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಜನರಿಗೆ ಗೊಂಬೆ ಗೊತ್ತು, ಅದರ ಹಿಂದಿನ ಕೆಲಸ ಗೊತ್ತಿಲ್ಲ. ಮರ ಹಗುರ ಇರಬೇಕು, ಉಳಿಗೆ ಮೆತ್ತಗೆ ಸಿಗಬೇಕು. ಕೈ, ಕಾಲು, ತಲೆ, ಪೀಠ ಬೇರೆ ಬೇರೆ ಕೆತ್ತಿ ಆಮೇಲೆ ಕೂಡಿಸುತ್ತೇವೆ. ಅಂಟು ಅಂಗಡಿಯದ್ದಲ್ಲ, ಹುಣಸೆ ಬೀಜದ್ದು. ಬೀಜ ನೆನೆಸಿ, ಅರೆದು, ಕಾಯಿಸಿದರೆ ಗಟ್ಟಿ ಅಂಟು ಬರುತ್ತದೆ. ಆಮೇಲೆ ಕಿಟ್ಟ. ಗೋಣಿ ಚೀಲದ ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟಿನ ಜೊತೆ ಕಲಸಿದರೆ ಕಿಟ್ಟ ಆಗುತ್ತದೆ. ಅದನ್ನು ಕೈಯಿಂದ ಗೊಂಬೆಯ ಮೈಗೆಲ್ಲ ಮೆತ್ತುತ್ತೇವೆ. ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡು ಅಂಟಿಸುತ್ತೇವೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಅದು ಒಣಗಿದ ಮೇಲೆಯೇ ಬಣ್ಣ. ಮೈಮೇಲಿನ ಒಡವೆ, ಕಿರೀಟ ಉಬ್ಬಿ ಕಾಣುತ್ತವಲ್ಲ, ಅವು ಕೆತ್ತಿದ್ದಲ್ಲ. ಕಲ್ಲಿನ ಪುಡಿ ಮತ್ತು ಅಂಟಿನ ಮಿಶ್ರಣವನ್ನು ಹನಿ ಹನಿಯಾಗಿ ಕೂರಿಸಿದ್ದು.

ಪ್ರತಿ ಪದರವೂ ಒಣಗಬೇಕು. ಮಳೆಗಾಲದಲ್ಲಿ ಮೋಡ ಕವಿದರೆ ಕೆಲಸ ನಿಂತಿತು. ಒಣಗುವ ಮುಂಚೆ ಬಣ್ಣ ಹಾಕಿದರೆ ಮುಂದೆ ಚಕ್ಕೆ ಏಳುತ್ತದೆ. ಇದನ್ನು ಯಾರೂ ಪುಸ್ತಕದಲ್ಲಿ ಬರೆದು ಕೊಟ್ಟಿಲ್ಲ. ಬೆರಳಿನ ಹಿಂಭಾಗ ತಾಗಿಸಿ ತಂಪು ಇದೆಯಾ ಇಲ್ಲವಾ ಅಂತ ಅಪ್ಪ ನೋಡುತ್ತಾರೆ. ತಂಪು ಇದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ನಾನೂ ಹಾಗೇ ಕಲಿಯುತ್ತಿದ್ದೇನೆ.

ಈಗ ನಮ್ಮ ಕಷ್ಟ. ಮೊದಲು ಗುಡಿಯವರು ಗರುಡ, ನಂದಿ ವಾಹನ ಮಾಡಿಸುತ್ತಿದ್ದರು. ಊರ ದ್ಯಾಮವ್ವನ ಮೂರ್ತಿಗೆ ಬಣ್ಣ ಹಚ್ಚಲು ಕರೆಯುತ್ತಿದ್ದರು. ಗೌರಿ, ಗಣೇಶ ಹಬ್ಬ ಬಂದರೆ ಮಣ್ಣಿನ ಮೂರ್ತಿ. ಇದೆಲ್ಲ ಅಕ್ಕಪಕ್ಕದ ಊರಿನ ಕೆಲಸ. ವರ್ಷದ ಗಂಜಿ ಅದರಲ್ಲೇ ನಡೆಯುತ್ತಿತ್ತು. ಬೊಂಬಾಯಿ, ಬೆಂಗಳೂರಿನ ಮೇಳಗಳು ಬಂದದ್ದು ಆಮೇಲೆ. ಇವತ್ತು ಗುಡಿಯವರು ಫೈಬರ್ ವಾಹನ ತರಿಸುತ್ತಾರೆ. ನೀವು ಹೇಳಿದ್ದು ನನಗೆ ತುಂಬ ಸರಿ ಅನಿಸಿತು, ನಮ್ಮನ್ನು ನಿಲ್ಲಿಸಿದ್ದೇ ಹತ್ತಿರದ ಊರುಗಳು. ಅವು ಕೈ ಬಿಟ್ಟರೆ ಮೇಳಗಳು ಎಷ್ಟು ಬಂದರೂ ಸಾಲುವುದಿಲ್ಲ.

ಕೊಪ್ಪಳ ಕೇಬಲ್ ಗಲ್ಲಿ

ಹುಡುಗಾ, ನಮ್ಮೂರ ಗುಡಿ ಕಮಿಟಿಯಲ್ಲಿ ನಾನಿದ್ದೇನೆ. ಮುಂದಿನ ಸಲ ಪಲ್ಲಕ್ಕಿ ವಿಷಯ ಬಂದಾಗ ಕಿನ್ನಾಳಕ್ಕೆ ಹೋಗೋಣ ಅಂತ ಎದ್ದು ನಿಂತು ಹೇಳುತ್ತೇನೆ.

ಲಿಂಗಸುಗೂರು ಹುಡುಗಿ

ನಾನು ಸ್ವಲ್ಪ ಬೇರೆ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ.

ನಾನೂ ಲಂಬಾಣಿ. ಎಲ್ಲರೂ ಬ್ಯಾಗ್, ದಿಂಬಿನ ಕವರ್, ಉಡುಗೊರೆ ಅಂತ ಮಾತಾಡುತ್ತಿದ್ದೀರಿ. ಈ ಹೊಲಿಗೆ ಹುಟ್ಟಿದ್ದು ದಿಂಬಿಗಾಗಿ ಅಲ್ಲ. ಫೇಟಿಯಾ (ಲಂಗ), ಕಾಂಚಳಿ (ರವಿಕೆ), ತಲೆಯ ಮೇಲಿನ ಓಢಣಿ, ಇವು ನಮ್ಮ ಮೈಮೇಲಿನ ಬಟ್ಟೆ. ನನ್ನ ಅಜ್ಜಿ ಅದನ್ನು ಮಾರಲು ಹೊಲಿಯಲಿಲ್ಲ. ಮಗಳ ಮದುವೆಗೆ ಹೊಲಿದಳು, ತೀಜ್ ಹಬ್ಬಕ್ಕೆ ಹೊಲಿದಳು. ನನ್ನ ತಾಯಿ ಅದನ್ನು ಉಡುವುದು ಬಿಟ್ಟಳು. ಯಾಕೆ ಗೊತ್ತಾ? ಬಸ್ಸಿನಲ್ಲಿ ಜನ ಸರಿದು ಕೂರುತ್ತಿದ್ದರು. ಗುಳೆ ಹೋದ ಕಡೆ ಮೇಸ್ತ್ರಿಗಳು ಕೆಟ್ಟದಾಗಿ ಕರೆಯುತ್ತಿದ್ದರು. ಸೀರೆ ಉಟ್ಟರೆ ಯಾರೂ ತಿರುಗಿ ನೋಡುವುದಿಲ್ಲ ಅಂತ ಸೀರೆಗೆ ಬಂದಳು. ಆ ಫೇಟಿಯಾ ಭಾರ ಇದೆ, ಬೇಸಿಗೆಯಲ್ಲಿ ಸೆಕೆ, ಅದೂ ಒಂದು ಕಾರಣ. ಆದರೆ ದೊಡ್ಡ ಕಾರಣ ಜನರ ಕಣ್ಣು.

ಈಗ ಅದೇ ಹೊಲಿಗೆಯ ತುಂಡು ಚೌಕಟ್ಟಿನಲ್ಲಿ ಹಾಕಿ ದೊಡ್ಡ ಮನೆಗಳ ಗೋಡೆಗೆ ತೂಗು ಹಾಕುತ್ತಾರೆ. ಬಟ್ಟೆಗೆ ಗೌರವ, ಉಟ್ಟವಳಿಗೆ ಇಲ್ಲ. ನೀವು ಕೊಳ್ಳಿ, ಖಂಡಿತ ಕೊಳ್ಳಿ. ಅದರ ಜೊತೆ ಫೇಟಿಯಾ ಉಟ್ಟ ಅಜ್ಜಿ ಬಸ್ಸಿಗೆ ಹತ್ತಿದಾಗ ಪಕ್ಕದಲ್ಲಿ ಜಾಗ ಕೊಡಿ.

ಬಳ್ಳಾರಿ ಜೀನ್ಸ್ ಟೈಲರ್

ತಂಗೀ, ನಿನ್ನ ಒಂದೊಂದು ಮಾತೂ ನಿಜ. ನನ್ನ ಯಾಡಿಯೂ ಹಾಗೇ ಬಿಟ್ಟಳು.

ಆದರೆ ಒಂದು ಹೇಳುತ್ತೇನೆ. ನಾನು ರಜೆಯಲ್ಲಿ ಮನೆಗೆ ಹೋದಾಗ ಕಾರ್ಖಾನೆಯಲ್ಲಿ ಉಳಿದ ಡೆನಿಮ್ ತುಂಡು ತೆಗೆದುಕೊಂಡು ಹೋಗುತ್ತೇನೆ. ಯಾಡಿಯನ್ನು ಕೂರಿಸಿಕೊಂಡು ಒಂದೊಂದೇ ಹೊಲಿಗೆ ಕಲಿಯುತ್ತಿದ್ದೇನೆ. ನಮ್ಮಲ್ಲಿ ಗಂಡುಮಕ್ಕಳು ಇದನ್ನು ಮಾಡುತ್ತಿರಲಿಲ್ಲ. ಡೆನಿಮ್ ಗಟ್ಟಿ, ಸೂಜಿ ಬೇಗ ಇಳಿಯುವುದಿಲ್ಲ, ಬೆರಳು ನೋಯುತ್ತದೆ. ಆದರೂ ಜಾಕೆಟ್ಟಿನ ಬೆನ್ನಿಗೆ ವೇಲೆ, ಕಾಲರಿಗೆ ಕಿಲನ್ ಹಾಕಿದರೆ ಎಷ್ಟು ಚೆಂದ ಕೂರುತ್ತದೆ ಗೊತ್ತಾ! ನಮ್ಮ ತಾಂಡಾದ ಕಾಲೇಜು ಹುಡುಗಿಯರು ಅದನ್ನು ಕೇಳಿ ಹಾಕಿಕೊಳ್ಳುತ್ತಿದ್ದಾರೆ. ಫೇಟಿಯಾ ಉಡಲು ಹಿಂಜರಿಯುವವರು ಇದನ್ನು ಹೆಮ್ಮೆಯಿಂದ ಹಾಕಿಕೊಂಡು ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾರೆ. ಮೈಮೇಲಿಂದ ಹೋದದ್ದು ಮೈಮೇಲೆಯೇ ವಾಪಸ್ ಬರಲಿ ಅನ್ನುವುದು ನನ್ನ ಆಸೆ.

ಲಿಂಗಸುಗೂರು ಹುಡುಗಿ

ಅಣ್ಣಾ, ಆ ಜಾಕೆಟ್ ನನಗೂ ಒಂದು ಬೇಕು. ದುಡ್ಡು ಪೂರ್ತಿ ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಸಂಡೂರು ಟೀಚರ್

ಲಿಂಗಸುಗೂರಿನ ತಂಗಿ ಬರೆದದ್ದನ್ನು ನಿನ್ನೆಯಿಂದ ಮತ್ತೆ ಮತ್ತೆ ಓದಿದೆ. ಉಡುಗೊರೆಯಾಗಿ ಕೊಡುವುದು ಒಂದು ಭಾಗ ಅಷ್ಟೇ. ಉಡುವವರ ಮನೆಯಲ್ಲೇ ಅದು ಬದುಕಬೇಕು ಅನ್ನುವುದು ಅದಕ್ಕಿಂತ ಮೊದಲು ಬರಬೇಕು. ಒಪ್ಪುತ್ತೇನೆ.

ನಮ್ಮ ಶಾಲೆಯಲ್ಲಿ ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ ಶನಿವಾರ ಬರುತ್ತದೆ. ಆ ದಿನ ಇಬ್ಬರು ಮೂವರು ತಾಯಂದಿರನ್ನು ಕರೆಸುತ್ತೇವೆ. ಅವರು ಕುರ್ಚಿಯಲ್ಲಿ ಕೂರುತ್ತಾರೆ, ನಾವು ಮೇಷ್ಟ್ರುಗಳೂ ಮಕ್ಕಳ ಜೊತೆ ನೆಲದ ಮೇಲೆ ಕೂತು ಕಲಿಯುತ್ತೇವೆ. ತಾಂಡಾದಿಂದ ಬಾರದ ಮಕ್ಕಳೂ ಸೂಜಿ ಹಿಡಿಯುತ್ತಾರೆ. ತನ್ನ ತಾಯಿಯನ್ನು ಎಲ್ಲರೂ "ಟೀಚರ್" ಅಂತ ಕರೆದಾಗ ಆ ಮಗುವಿನ ಮುಖ ನೋಡಬೇಕು ನೀವು. ಶಾಲೆಗಳಲ್ಲಿ ಇರುವವರು ದಯವಿಟ್ಟು ಇದನ್ನು ಮಾಡಿ. ಖರ್ಚು ಏನೂ ಇಲ್ಲ, ದಾರ ಮತ್ತು ತುಂಡು ಬಟ್ಟೆ ಸಾಕು.

ಗಣಿಯ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ, ಎಲ್ಲರಿಗೂ ಗೊತ್ತು. ತಾಂಡಾದ ಎಷ್ಟೋ ಮನೆಗಳು ಅದಿರು ಆರಿಸಿ, ಲಾರಿಗೆ ತುಂಬಿ ಬದುಕಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಆ ಕೂಲಿ ಒಮ್ಮೆಲೇ ನಿಂತಿತು. ಗಣಿ ತೆರೆಯುತ್ತದೆ, ಮುಚ್ಚುತ್ತದೆ. ಸೂಜಿ ಗಳಿಕೆ ಸಣ್ಣದು, ಆದರೆ ಯಾವ ಆದೇಶವೂ ಅದನ್ನು ನಿಲ್ಲಿಸಲಾರದು. ಹಾಗಾಗಿಯೇ ಅದನ್ನು ಬಿಡಬೇಡಿ ಅಂತ ತಾಯಂದಿರಿಗೆ ಹೇಳುತ್ತಿರುತ್ತೇನೆ.

ಆನೆಗೊಂದಿ ತೋಟ

ನಮ್ಮ ಕಡೆಯದ್ದು ಬೇರೆ ತರಹದ ಕಥೆ. ಆನೆಗೊಂದಿ ಸುತ್ತ ಬಂಡೆ ಗುಡ್ಡ, ಕೆಳಗೆ ತುಂಗಭದ್ರೆ, ನಡುವೆ ಭತ್ತ ಮತ್ತು ಬಾಳೆ. ಬಾಳೆ ಗಿಡ ಒಮ್ಮೆ ಗೊನೆ ಕೊಟ್ಟ ಮೇಲೆ ಕಡಿಯಲೇಬೇಕು. ಆ ದಿಂಡಿನ ಪಟ್ಟೆಯನ್ನು ಮೊದಲು ಬದುವಿನ ಮೇಲೆ ಕೊಳೆಯಲು ಬಿಡುತ್ತಿದ್ದೆವು. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಇಲ್ಲಿನ ಹೆಣ್ಣುಮಕ್ಕಳಿಗೆ ಬಾಳೆ ನಾರಿನ ಕೆಲಸ ಹಚ್ಚಿತು. ಪಟ್ಟೆಯನ್ನು ಸೀಳಿ ಒಣಗಿಸಿ, ಹೊಸೆದು ಹಗ್ಗ ಮಾಡಿ, ಅದರಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುತ್ತಾರೆ.

ಇದು ಯಾರ ಮನೆತನದ ಕಸುಬೂ ಅಲ್ಲ. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಕೈಗಳೇ ಕಲಿತವು. ಒಬ್ಬರು ಹೊಸ ಹೆಣಿಗೆ ಕಂಡುಕೊಂಡರೆ ಪಕ್ಕದವರು ನೋಡಿ ಎತ್ತಿಕೊಂಡರು. ಕಸುಬು ಅಂದರೆ ಹಳೆಯದು ಮಾತ್ರ ಅಂತ ತಿಳಿಯಬಾರದು. ಕಚ್ಚಾ ಮಾಲು ಕಾಲ ಕೆಳಗೆ ಇದ್ದು, ಬೇಕು ಅನ್ನುವವರು ಇದ್ದರೆ ಈಗಲೂ ಹೊಸ ಕಸುಬು ಹುಟ್ಟುತ್ತದೆ.

ಕೊಪ್ಪಳ ಕೇಬಲ್ ಗಲ್ಲಿ

ನಮ್ಮ ಕಡೆಯ ಕಲಾವಿದರ ಮಾತು ಬಂದಾಗ ನಮ್ಮ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ನೆನೆಯದೆ ಇರಲಾಗದು. ತೊಗಲುಗೊಂಬೆಯಾಟದಲ್ಲೇ ಜೀವ ಸವೆಸಿದ ಅಜ್ಜಿ. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಚರ್ಮ ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಚ್ಚಿ, ದೀಪದ ಮುಂದೆ ಕುಣಿಸುವ ಕಲೆ ಅದು. ನಮ್ಮ ಜಿಲ್ಲೆಯ ಎಷ್ಟು ಶಾಲೆಯ ಮಕ್ಕಳು ಒಮ್ಮೆಯಾದರೂ ಆ ಆಟ ನೋಡಿದ್ದಾರೆ? ಊರ ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ದುಡ್ಡಿನಲ್ಲಿ ಸ್ವಲ್ಪ ಭಾಗ ಸಾಕು, ಒಂದು ರಾತ್ರಿ ಗೊಂಬೆಯಾಟ ಇಡಿಸಬಹುದು.

ಹೊಸಪೇಟೆ ಅಂಗಡಿ

ಸರ್ಕಾರದ ವಿಶ್ವಕರ್ಮ ಯೋಜನೆ ಇದೆಯಲ್ಲ, ಅದು ಇವರಿಗೆ ಸಿಗುತ್ತದಾ? ಗೊತ್ತಿದ್ದವರು ಹೇಳಿ.

ರಾಯಚೂರು ವಕೀಲ

ಪಿಎಂ ವಿಶ್ವಕರ್ಮ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳ ಪಟ್ಟಿ ಇದೆ. ಗೊಂಬೆ ಮತ್ತು ಸಾಂಪ್ರದಾಯಿಕ ಆಟಿಕೆ ಮಾಡುವವರು, ಬುಟ್ಟಿ ಚಾಪೆ ಹೆಣೆಯುವವರು, ಶಿಲ್ಪಿಗಳು, ಬಡಗಿಗಳು, ದರ್ಜಿಗಳು ಅದರಲ್ಲಿದ್ದಾರೆ. ಹಾಗಾಗಿ ಕಿನ್ನಾಳದವರು, ಆನೆಗೊಂದಿಯವರು ಅರ್ಜಿ ಹಾಕಬಹುದು. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, 5% ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.

ಆ 18ರಲ್ಲಿ ಕಸೂತಿ ಇಲ್ಲ. ದರ್ಜಿ ಅಂತ ಅರ್ಜಿ ಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಆದರೆ ದರ್ಜಿಗೆ ಬೇಕಾದದ್ದು ಹೊಲಿಗೆ ಮಷಿನ್. ಈ ಹೆಣ್ಣುಮಗಳ ಕೆಲಸವೇ ಬೇರೆ. ಆಕೆಗೆ ಬೇಕಾದದ್ದು ಬಣ್ಣ ಬಿಡದ ದಾರ, ಒಳ್ಳೆಯ ಬಟ್ಟೆ, ಬೆಳಕಿರುವ ಕೋಣೆ, ಕಣ್ಣಿಗೆ ಕನ್ನಡಕ. ಈ ಪಟ್ಟಿಗೆ ಕೈ ಕಸೂತಿಯನ್ನು ಸೇರಿಸಬೇಕು ಅಂತ ನಮ್ಮ ಸಂಸದರಿಗೆ, ಶಾಸಕರಿಗೆ ಎಲ್ಲರೂ ಪತ್ರ ಬರೆಯಬೇಕು. ಕರಡು ನಾನು ಬರೆದು ಹಾಕುತ್ತೇನೆ.

ಇದಲ್ಲದೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ಕೊಡುವ ಪೆಹಚಾನ್ ಕಾರ್ಡ್ ಇದೆ. ಕರಕುಶಲಕರ್ಮಿ ಅನ್ನುವುದಕ್ಕೆ ಅದು ಗುರುತು. ಕಸೂತಿಯವರಿಗೂ ಸಿಗುತ್ತದೆ. ಸರ್ಕಾರಿ ಮೇಳದ ಮಳಿಗೆಗೆ ಅರ್ಜಿ ಹಾಕುವಾಗ ಮೊದಲು ಕೇಳುವುದೇ ಇದನ್ನು. ಮೊದಲು ಆ ಕಾರ್ಡ್ ಮಾಡಿಸಿಕೊಳ್ಳಿ.

ಕಿನ್ನಾಳ ಹುಡುಗ

ಸರ್, ಕರಡು ಹಾಕಿದ ಕೂಡಲೇ ನಮ್ಮ ಓಣಿಯವರೆಲ್ಲರ ಸಹಿ ಮಾಡಿಸುತ್ತೇನೆ. ಅದು ನಮ್ಮ ಕಸುಬಿನ ಪತ್ರ ಅಲ್ಲದಿದ್ದರೂ ಮಾಡಿಸುತ್ತೇನೆ.

ತೋರಣಗಲ್ಲು ಇಂಜಿನಿಯರ್

ಎರಡು ದಿನ ಮನೆಯಲ್ಲಿ ಮಾತಾಡಿ, ಆಫೀಸಿನಲ್ಲೂ ಕೇಳಿ ಬಂದಿದ್ದೇನೆ. ನಲವತ್ತು ಬ್ಯಾಗ್ ಬೇಡ. ನಮ್ಮಲ್ಲಿ ಈ ವರ್ಷ ನಿವೃತ್ತಿ ಆಗುವವರು ಆರು ಜನ. ಶಾಲು, ಹಾರ, ಫೈಬರ್ ಮೂರ್ತಿಗೆ ಇಡುತ್ತಿದ್ದ ದುಡ್ಡನ್ನೇ ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಕಸೂತಿ ಗೋಡೆ ಬಟ್ಟೆ ಅಥವಾ ಒಂದು ಕಿನ್ನಾಳ ಗೊಂಬೆ ಕೊಡಬಹುದು ಅಂತ ಲೆಕ್ಕ ಹಾಕಿದೆವು. ಎಲ್ಲರೂ ಒಪ್ಪಿದರು. ಒಂದು ಸಣ್ಣ ಚೀಟಿಯಲ್ಲಿ ಮಾಡಿದವರ ಹೆಸರು, ಊರು ಬರೆದು ಕೊಡಬೇಕು ಅಂತಲೂ ಆಯಿತು. ಅವರಿಗೆ ಒಪ್ಪಿಗೆ ಇದ್ದರೆ ಮಾತ್ರ.

ಎಷ್ಟು ಮುಂಚೆ ಹೇಳಬೇಕು? ಅಡ್ವಾನ್ಸ್ ಎಷ್ಟು ಕೊಡಬೇಕು? ಕೊಟ್ಟ ಮೇಲೆ ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಅಂತಲೂ ಹೇಳಿ. ನಮ್ಮ ಕಡೆ ಅದಿರಿನ ಧೂಳು ಜಾಸ್ತಿ.

ಸಂಡೂರು ಟೀಚರ್

ಇಂಜಿನಿಯರ್ ಸರ್, ತುಂಬ ಸಂತೋಷ ಆಯಿತು.

ಕಸೂತಿಗೆ ಎರಡು ತಿಂಗಳು ಮುಂಚೆ ಹೇಳಿ. ಸುಗ್ಗಿ, ಬಿತ್ತನೆ ಸಮಯ ಇದ್ದರೆ ಇನ್ನೂ ಮುಂಚೆ. ದಾರ, ಬಟ್ಟೆಯ ಖರ್ಚನ್ನು ಅವರ ಕೈಯಿಂದ ಹಾಕಿಸಬೇಡಿ, ಅರ್ಧ ದುಡ್ಡು ಮೊದಲೇ ಕೊಡಿ. ಉಳಿದದ್ದನ್ನು ಮಾಲು ಕೈಗೆ ಬಂದ ದಿನವೇ ಕೊಡಿ. "ಬಿಲ್ ಪಾಸ್ ಆಗಬೇಕು" ಅಂತ ತಿಂಗಳುಗಟ್ಟಲೆ ಕಾಯಿಸಿದ್ದನ್ನು ನೋಡಿದ್ದೇನೆ. ಕೂಲಿ ಬಿಟ್ಟು ಕೂತವರಿಗೆ ಅದು ದೊಡ್ಡ ಪೆಟ್ಟು. ಬಣ್ಣ ನಿಮಗೆ ಬೇಕಾದ್ದು ಹೇಳಿ, ಹೊಲಿಗೆ ಹೇಗೆ ಹೆಣೆಯಬೇಕು ಅನ್ನುವುದನ್ನು ಅವರಿಗೇ ಬಿಡಿ. ಆರೂ ಒಂದೇ ತರಹ ಇರಲಿ ಅಂತ ಕೇಳಬೇಡಿ.

ತೊಳೆಯುವಾಗ ಮಷಿನ್‌ಗೆ ಹಾಕಬೇಡಿ, ಕನ್ನಡಿ ಒಡೆಯುತ್ತದೆ. ತಣ್ಣೀರು, ಅಂಟುವಾಳದ ನೀರು ಅಥವಾ ತೀರ ಮೆತ್ತಗಿನ ಸೋಪು. ಹಿಂಡದೆ, ಉಲ್ಟಾ ಮಾಡಿ ನೆರಳಿನಲ್ಲಿ ಒಣಗಿಸಿ. ಗೋಡೆಗೆ ಹಾಕಿದ್ದಾದರೆ ವಾರಕ್ಕೊಮ್ಮೆ ಕೊಡವಿದರೆ ಸಾಕು.

ಕಿನ್ನಾಳ ಹುಡುಗ

ಗೊಂಬೆಗೂ ಎರಡು ತಿಂಗಳು ಸಾಕು ಸರ್, ಆದರೆ ಆಷಾಢ, ಶ್ರಾವಣ ಬಿಟ್ಟು ಹೇಳಿ. ಆಗ ಮಳೆಯಿಂದ ಒಣಗುವುದಿಲ್ಲ, ಗಣೇಶನ ಕೆಲಸವೂ ಇರುತ್ತದೆ. ಒದ್ದೆ ಬಟ್ಟೆ ತಾಗಿಸಬೇಡಿ. ಹುಣಸೆ ಅಂಟು ನೀರಿಗೆ ಸಡಿಲ ಆಗುತ್ತದೆ. ಬಣ್ಣ ಹಚ್ಚುವ ಮೆತ್ತನೆಯ ಬ್ರಷ್‌ನಲ್ಲಿ ಮೇಲಿಂದ ಕೆಳಗೆ ಧೂಳು ತೆಗೆಯಿರಿ. ಬಿಸಿಲು ನೇರ ಬೀಳುವ ಕಿಟಕಿಯಲ್ಲಿ ಇಡಬೇಡಿ. ಎಲ್ಲಾದರೂ ಚಕ್ಕೆ ಎದ್ದರೆ ಆ ಚಕ್ಕೆ ಬಿಸಾಡದೆ ಪೊಟ್ಟಣ ಕಟ್ಟಿ ಇಟ್ಟುಕೊಂಡು ತನ್ನಿ, ನಾವು ಕೂರಿಸಿ ಕೊಡುತ್ತೇವೆ. ಅದಕ್ಕೆ ದುಡ್ಡು ಬೇಡ.